ತೆನಿ ಅಂದರ ಯಾವ ತೆನಿ

ಇಳಕಲ್ಲಿನ ಸಂಘದ ಮಾಳಿಗಿ ಮ್ಯಾಲ
ಒಂದು ಟೇಬಲ್ಲು, ಒಂದು ಹಳೇ ಕಂಪ್ಯೂಟರು.
ಕೆಳಗ ಹನ್ನೆರಡು ಮಗ್ಗದ ಲಟಕ್ ಪಟಕ್.
ಸೆರಗಿನ ಚಿತ್ತಾರ ಚೌಕಳಿಯಾಗ ಬರದು
ಗಿಟ್ಟಿನೊಳಗ ಕೂಡಿಡೋದು ನನ್ನ ಕೆಲಸ:
ಹಣಿಗಿ, ಕೋಟಿಕೊಮ್ಮಿ, ರಂಪ, ತೆನಿ.
ಕಪ್ಪು ಚೌಕ ಅಂದರ ಎಳಿ ಮ್ಯಾಲ,
ಬಿಳೇದು ಅಂದರ ಕೆಳಗ.

ಶುಕ್ರವಾರ ಸಂಜಿಮುಂದ ನಾಗೂರ ಕಲ್ಲವ್ವ
ತನ್ನ ಅತ್ತಿ ಉಟ್ಟ ಸೀರಿ ತಂದಳು.
ಒಡಲು ಜಾಳಾಗಿತ್ತು, ಸೆರಗಷ್ಟೇ ಗಟ್ಟಿ.
"ಲಗೂ ಬರಕೋ ಯವ್ವಾ,
ನಾಳಿಗೆ ಹರದು ಕೌದಿ ಹೊಲೀತೀನಿ."
ಅದರ ತೆನಿ ಈಗಿನ ತೆನಿ ಅಲ್ಲ.
ಕಾಳು ಒಂದೊಂದು ಎಳಿ ಎಡಕ್ಕ ವಾಲಿದ್ದವು,
ಗಾಳಿ ಬೀಸಿ ಹೋದ ಮ್ಯಾಲಿನ ಹೊಲದಂಗ.
ಒಂಬತ್ತರತನ ಎಣಿಸಿದೆ.
ಆಕಿ ನನ್ನ ಪಾಲಿನ ಚಹಾನೂ ಕುಡದು
ಸೀರಿ ಮಡಚಿಕೊಂಡು ಕಡೀ ಬಸ್ಸಿಗೆ ಹೋದಳು.

ಆಗ ಗುಳೇದಗುಡ್ಡದಿಂದ ಮುನೀರಾನ ಫೋನು:
"ತೆನಿ ಅಂತ ಒಂದು ಟೊಂಗಿ ಕಳಿಸೀನಿ, ನೋಡು."
(ಬ್ರ್ಯಾಂಚ್ ಅಂದರ ನಮಗ ಬ್ಯಾಂಕಿಂದು,
ಅದಕ್ಕ ಟೊಂಗಿ ಅಂತೀವಿ.)
ನಾ ಬರದೆ: ಗಿಟ್ ಚೆಕೌಟ್ ತೆನಿ.

ಟೊಂಗಿ ಅಂದಿದ್ದೆ ನಾ.
ಆಕಿ ಟೊಂಗಿ ಇನ್ನೂ ದೂರದ ಗಿಡದಾಗಿತ್ತು,
ತೆನಿ ಅನ್ನೋ ಕಡತ ಕೈಯಳತಿಯಾಗ.
ಹತ್ತರ ಇದ್ದದ್ದನ್ನ ಹಿಡೀತು ಅದು.
ಹಿಂದಿನ ವಾರ ಕೂಡಿಟ್ಟ ಹಳೇ ತೆನಿ ತಂದು
ಹೊಸದರ ಮ್ಯಾಲ ಹಾಸಿತು.
ಕೇಳಲಿಲ್ಲ. ಬೈಯಲಿಲ್ಲ.
ಮರುಸಾಲಿನಾಗ ಬರೇ ಕರ್ಸರು,
ಮಿಣಕ್, ಮಿಣಕ್.

ಹೊಸ ಆವೃತ್ತಿ ಆಗಿದ್ದರ ತಡದು ಕೇಳತಿತ್ತಂತ,
ಕಡತವೋ ಟೊಂಗಿಯೋ, ಬಿಡಿಸಿ ಹೇಳು ಅಂತ.
ನಮ್ಮದು ಸಂಘದ ಯಂತ್ರ.

ಅದನ್ನೇನು ಬೈಯಲಿ?
ನಮ್ಮನಿಯಾಗ ಚಂಪವ್ವಾ ಅಂದರ
ಆಯಿನೂ ಓ ಅಂತಿದ್ದಳು, ತಂಗಿನೂ ಓ ಅಂತಿದ್ದಳು.
ಅತ್ತಿ ಹೆಸರು ಬಾಯಾಗ ತರಬಾರದಂತ
ಅವ್ವ ಮಗಳನ್ನ "ಏ ಇಕಿನ" ಅಂತ ಕರದಳು.
ಇಕಿನ ಅಂದರ ನಾನೂ ಓಡಿ ಹೋಗತಿದ್ದೆ.

ಮುನೀರಾ ಹೇಳಿದಳು: ಎರಡು ಅಡ್ಡಗೆರಿ ಹಾಕು.
--
ಎಡಕ್ಕ ಟೊಂಗಿ, ಬಲಕ್ಕ ಕಡತ.
ಗೆರಿ ದಾಟಿ ಬಂದದ್ದು ಬರೇ ಹೆಸರು,
ಅಪ್ಪಣಿ ಹಂಗ ಕಂಡರೂ ಹೆಸರೇ.
ಒಡಲಿಗೂ ಸೆರಗಿಗೂ ಎಳಿ ಎಳಿಗೆ ಕೊಂಡಿ ಹಾಕಿ
ಕೂಡಸೋ ಊರು ನಮ್ಮದು.
ಬಿಡಸೋ ಕೊಂಡಿ ಅಂದು ಕಲತೆ.

ಸೋಮವಾರ ನಾಗೂರಿಗೆ ಹೋದೆ.
ಕೌದಿ ಆಗಲೇ ಹೊಲದಾಗಿತ್ತು,
ಮೊಮ್ಮಗ ಅದರ ಮ್ಯಾಲ ಉಚ್ಚಿ ಹೊಯ್ದೂ ಆಗಿತ್ತು,
ಗ್ವಾಡಿ ಮ್ಯಾಲ ಬಿಸಿಲಿಗೆ ಬಿದ್ದಿತ್ತು.
"ಎಣಿಸಿಕೊಂಡು ಹೋದಿ, ಮತ್ಯಾಕ ಬಂದಿ?
ನಿನ್ನ ಯಂತ್ರ ಮರೀತೇನ?"
"ಯಾವ ತೆನಿ ಅಂತ ತಿಳೀಲಿಲ್ಲ ಅದಕ್ಕ."
"ತಿಳದೀತು ಹೆಂಗ?" ಅಂದಳು ಕಲ್ಲವ್ವ.
"ಈ ಹುಡುಗನಿಗೆ ತೆನಿ ತಾ ಅಂದರ
ಅಕಾ, ಜ್ವಾಳದ್ದು ತರತಾನ."

ಏಳೂವರೆ ತೆನಿ ಸಿಕ್ಕವು.
ತಲಿಕೆಳಗ, ಅವುಗಳ ಮ್ಯಾಲ ಕೆಂಪು ದಾರದ ಹೊಲಿಗಿ.
ಉಳದದ್ದು ಪದರಿನೊಳಗ.
ಬಿಚ್ಚು ಅಂತ ಕೇಳೋ ಬಾಯಿ ಬರಲಿಲ್ಲ.

ರಾತ್ರಿ ಮಾಳಿಗಿಗೆ ಬಂದು
ಸಿಕ್ಕಷ್ಟು ಬರದೆ, ಮೊದಲು ಕೂಡಿಟ್ಟೆ.
ಆಮ್ಯಾಲ ಕಡತಕ್ಕ ಬ್ಯಾರೆ ಹೆಸರು ಇಡೋಣಂತ
ಕಲ್ಲವ್ವಗ ಫೋನು ಹಚ್ಚಿದೆ:
ಸೀರಿ ಉಟ್ಟಾಕಿ ಹೆಸರೇನು, ನಿಮ್ಮ ಅತ್ತಿದು?
ಆ ಕಡಿ ಬಹಳ ಹೊತ್ತು ಬರೇ ಉಸಿರು.
"ಹೆಂಗ ಹೇಳಲೇ ಯವ್ವಾ," ಅಂದಳು,
"ತಡಿ, ಮೊಮ್ಮಗಳ ಕೈಯಾಗ ಕೊಡತೀನಿ.
ಏ ಇಕಿನ!
ಈ ಅಕ್ಕಗ ನಿನ್ನ ಹೆಸರು ಹೇಳು."