ಆವಕ ಜಾವಕ

ಇಪ್ಪತ್ತಾರು ವರ್ಷ ನಾ
ಕಾಗದಕ್ಕ ನಂಬರ್ ಕೊಟ್ಟಾಕಿ.
ಎಡಗೈ ಕಡೆ ಆವಕ, ಬಲಗೈ ಕಡೆ ಜಾವಕ,
ನಡುವ ಗೋಂದಿನ ಬಾಟ್ಲಿ, ಆರಿದ ಚಾ.

ನೀರಿನವರು ರಸ್ತೆಯವರಿಗೆ ಬರದ್ರ
ಅದು ನನ್ನ ಟೇಬಲ್ಲಿಗೆ ಬಂದು, ಠಸ್ಸೆ ಹೊಡಿಸಿಕೊಂಡು,
ಮಾಳಿಗಿ ಹತ್ತಿ, ಸಹಿ ಆಗಿ, ಇಳದು,
ಹೊಳ್ಳಿ ನನ್ನ ಟೇಬಲ್ಲಿಗೇ ಬಂದು
ಎದುರಿನ ಬಾಗಲಾ ದಾಟತಿತ್ತು.
ಹನ್ನೆರಡು ಹೆಜ್ಜಿ. ಒಂಬತ್ತು ದಿವಸ.
ಎರಡನ್ನೂ ನಾ ಎಣಿಸೀನಿ.

ಗುಂಬಜಿನ್ಯಾಗ ಒಂದು ಮಾತು ಏಳು ಸಲ ಹೊಳ್ಳಿ ಬರತೈತಿ ಅಂತಾರ
ವಿಜಯಪುರ ನೋಡಾಕ ಬಂದ ಮಂದಿ.
ನಮ್ಮ ಆಫೀಸ್ ಯಾರೂ ನೋಡಾಕ ಬರೂದಿಲ್ಲ.

ಜೂನ್ ತಿಂಗಳಾಗ ಹುಕುಂ ಬಂತು:
ನೀರು, ರಸ್ತೆ, ಒಳಚರಂಡಿ
ಮೂರೂ ಇನ್ನ ಒಂದ ವಿಭಾಗ.
ಬಡಿಗ್ಯಾರು ಬಂದು ನಡುವಿನ ಪ್ಲೈವುಡ್ ಕಿತ್ತರು.
ಹಿಂದ ಸಿಕ್ಕಿದ್ದು ಒಂದು ಹಳೇ ಕ್ಯಾಲೆಂಡರ್,
ಒಂಟಿ ಚಪ್ಪಲಿ,
'ತುರ್ತು' ಅಂತ ಬರದ ಲಕೋಟೆ. ಒಡದಿದ್ದಿಲ್ಲ.
ನನ್ನ ರಜಿಸ್ಟರಿಗೆ ಕೆಂಪು ದಾರ ಕಟ್ಟಿ ಕಪಾಟಿನ್ಯಾಗ ಇಟ್ಟರು.
ಕಾಗದ ಈಗ ಕಂಪ್ಯೂಟರಿನ್ಯಾಗ ಓಡತೈತಿ,
ಒಂದು ಗಳಿಗಿನೂ ಹಿಡಿಯೂದಿಲ್ಲ.
ಓದೂದಕ್ಕ ಮಾತ್ರ ಒಂಬತ್ತು ದಿವಸ.
ಖುರ್ಚಿಗೋಳು ಬೆನ್ನಿಗೆ ಬೆನ್ನು ಹಚ್ಚಿ ಕುಂತ್ವು.
ಎತ್ತು ಏರಿಗೆ, ಕೋಣ ನೀರಿಗೆ;
ಕೊಟ್ಟಿಗಿ ಒಂದ ಆದ್ರ ಏನಾತು?

ಶ್ರಾವಣದಾಗ ಜೋರಾಪುರ ಪೇಟಿ ಓಣಿಗೆ ಕಾಂಕ್ರೀಟ್ ಬಿತ್ತು.
ಏಳು ವಾಲ್ವಿನ ಮುಚ್ಚಳ ಅದರ ಬುಡಕ ಹೋದ್ವು.
ಮೂರನೇ ದಿನ ಖಾಲಿ ಕೊಡ ಹಿಡಕೊಂಡು ಹೆಣ್ಮಕ್ಕಳು ಬಂದರು.
'ಅಲ್ಲಿ ಕೇಳ್ರಿ' ಅಂದ್ರು ಇವರು,
'ಇಲ್ಲಲ್ಲ, ಅಲ್ಲಿ' ಅಂದ್ರು ಅವರು.
ಒಂದ ಖೋಲ್ಯಾಗ ಮೂರು ಬಟ್ಟು, ಮೂರು ದಿಕ್ಕು.
ಒಬ್ಬಾಕಿ ಕೊಡ ನನ್ನ ಟೇಬಲ್ ಮ್ಯಾಲ ಇಟ್ಟಳು:
'ಇದಕ್ಕೂ ಒಂದು ನಂಬರ್ ಕೊಡವಾ.'

ಅವತ್ತ ನಾ ಕೆಂಪು ದಾರ ಬಿಚ್ಚಿ
ರಜಿಸ್ಟರಿನ ಕಡೀ ಹಾಳಿ ಹರದೆ.
'ಸುಗಲಾ ಬಾಯಾರ, ನಾಳೆ ನಸಿಕಿನ್ಯಾಗ ನಾಕಕ್ಕ ಓಣಿಗೆ ಬರ್ರಿ.
ಸುಣ್ಣದ ಡಬ್ಬಿ ತರ್ರಿ.'
ನಂಬರಿಲ್ಲ, ಠಸ್ಸೆ ಇಲ್ಲ.
ಗ್ವಾಡಿ ಹೋಗಿತ್ತಲ್ಲ, ಏಳ ಹೆಜ್ಜಿಗೆ ಮುಟ್ಟಿದೆ.

ರಸ್ತೆಯ ಇಂಜಿನಿಯರ್ ಬಂದಳು, ಸ್ವೆಟರ್ ಹಾಕ್ಕೊಂಡು.
ಒಳಚರಂಡಿಯ ಸಿದ್ರಾಮ ಕೋರಿ ಕರೀದ ಬಂದ, ಲುಂಗಿ ಮ್ಯಾಲ.
ಲಾಲಸಾಬ ನದಾಫ ನಮಗಿಂತ ಮೊದಲ ಬಂದು ಕುಂತಿದ್ದ.
ಹೊಸಾ ಚಾರ್ಟಿನ್ಯಾಗ ಅವಗ ಚೌಕ ಬರದಿದ್ದಿಲ್ಲ,
ಯಾರೂ ಅವಗ ಹೇಳಿದ್ದೂ ಇಲ್ಲ,
ದಿನಾ ವಾಲ್ವ್ ತಿರವಾಕ ಹೋಗತಿದ್ದ.

ಕಬ್ಬಿಣದ ಸಳಿ: ಒಂದು ತುದಿ ರಸ್ತೆ ಮ್ಯಾಲ, ಒಂದು ತುದಿ ಕಿವಿಗೆ.
'ಇಲ್ಲಿ ಹರೀತೈತಿ' ಅಂದ.
'ಇಲ್ಲಿ ತಿರಗತೈತಿ.
ಇಲ್ಲಿ ನಿಂತು ಉಸರು ಬಿಡತೈತಿ, ಇದ ವಾಲ್ವು.'
ಸಳಿ ಸುಗಲಾನ ಕೈಗೆ ಕೊಟ್ಟ.
'ಏನೂ ಕೇಳಸವಲ್ದು.'
'ಬಳಿ ಮ್ಯಾಲ ಸರಸ್ರಿ, ಬಾಯಾರ. ಅದರ ಸಪ್ಪಳ ನೀರು ನುಂಗತೈತಿ.'
ಬಳಿ ಸರಿಸಿದಳು. ಮಣಕಾಲೂರಿ ಕುಂತಳು.
ಬಾಳ ಹೊತ್ತು ಏಳಲಿಲ್ಲ.
'ಇದರ ಮ್ಯಾಲ ನಾ ಎಂಟು ಇಂಚು ಹಾಕೀನಿ' ಅಂದಳು.
ಅದಕ್ಕ ನಾವ್ಯಾರೂ ಉತ್ತರ ಕೊಡಲಿಲ್ಲ.

ಬೆಳಕಾಗೂದ್ರಾಗ ಐದು ಸುಣ್ಣದ ಗುಂಡ.
ಆರನೇದು ಸಿದ್ರಾಮ ತೋರಿಸಿದ, ಸಳಿ ಇಲ್ಲದ:
'ನಮ್ಮ ಪೈಪು ಇದನ್ನ ಬಳಸಿ ಹೋಗೇತಿ.'
'ಮೊದಲ ಯಾಕ ಹೇಳಲಿಲ್ಲೋ?'
'ಯಾರೂ ಕೇಳಿದ್ದಿಲ್ಲ.'

ಸೋಮವಾರ ಕಂಪ್ಯೂಟರ್ ತಗದು ನೋಡಿದ್ರ
ವಿಷಯ: ವಾಲ್ವು. ಸ್ಥಿತಿ: ಉತ್ತರ ಬಾಕಿ.
ಇರಲಿ.
ಎರಡು ಖುರ್ಚಿ ಈ ಕಡೆ ತಿರಗ್ಯಾವ,
ಮೂರನೇದಕ್ಕ ಒಂದು ಕಾಲು ಸೊಟ್ಟ.

ಏಳನೇ ವಾಲ್ವು ಇನ್ನೂ ಸಿಕ್ಕಿಲ್ಲ.
ಇವತ್ತ ಬುತ್ತಿ ಬಿಚ್ಚೂ ಹೊತ್ತಿಗೆ ಲಾಲಸಾಬ
ಬಾಗಲದಾಗ ನಿಂತು ಕೇಳಿದ:
'ನಸಿಕಿನ್ಯಾಗ ಬಾಯಾರು ಬರತಾರೇನ್ರಿ?'
ನಾ ಸುಗಲಾನ ಕಡೆ ನೋಡಿದೆ.
ಆಕಿ ರೊಟ್ಟಿ ಮುರಕೋತ, ನೆನಪಿಲ್ಲದ,
ಬಳಿ ಮ್ಯಾಲ ಸರಿಸಿದಳು.