ನಾಳೆ ಇಂಟರ್‌ವ್ಯೂಗೆ ಹೋಗುವ ರುಹೀನಾಗೆ

ಯಾವುದು ಒಳ್ಳೇದು ಅಕ್ಕಾ, ಅಂತ ಕೇಳಿದೆಯಲ್ಲ,
ಡೂಮ್ ಲೈಟ್ ಸರ್ಕಲ್ಲಿನಿಂದ ಕ್ಲಾಕ್ ಟವರಿನ ತನಕ
ನಿಮ್ಮ ದುಡ್ಡು ಬೆಳೆಸುತ್ತೇವೆ ಅನ್ನುವ ಬೋರ್ಡು ಮೂರು.
ಮೂರರಲ್ಲೂ ನನ್ನ ಸ್ವೆಟರು
ಕುರ್ಚಿಯ ಬೆನ್ನಿಗೆ ನೇತಾಡಿದೆ.
ಹೆಸರು ಬೇಡ. ಗೋಡೆಗೆ ಒಂದು ಕಿವಿಯಾದರೆ
ಕೋಲಾರದ ಟೀ ಅಂಗಡಿಗೆ ಎರಡು.

ಬೇಕರಿ ಮೇಲಿನದು ಮೊದಲು.
ಒಂದನೇ ತಾರೀಖು ಬೆಳಗ್ಗೆ ಒಂಬತ್ತಕ್ಕೆ
ಸಂಬಳ ಬಿತ್ತೆಂದು ಮೊಬೈಲು ಟಿಣ್ ಅನ್ನುತ್ತಿತ್ತು,
ಒಂದು ಸಲವೂ ತಪ್ಪಿದ್ದಿಲ್ಲ.
ಆದರೆ ಹೆಂಗಸರಿಗೆ ಟಾಯ್ಲೆಟ್ ಇರಲಿಲ್ಲ.
ಬೇಕರಿಯ ಹಿಂದೆ ಸರಸಮ್ಮನ ಮನೆಗೆ ಹೋಗಿ ಬಂದು
ಪ್ರತಿ ಸಲ ಒಂದು ಬನ್ನು ಕೊಳ್ಳುತ್ತಿದ್ದೆ, ಮರ್ಯಾದೆಗೆ.
ಐದು ವರ್ಷ. ಎಷ್ಟು ಬನ್ನಾಯಿತು, ಲೆಕ್ಕ ಹಾಕು.
ಸಂಬಳದ ಚೀಟಿಯಲ್ಲಿ ಅದಕ್ಕೊಂದು ಕಾಲಂ ಇಲ್ಲ.

ಗಾಜಿನ ಬಾಗಿಲಿನದು ಆಮೇಲೆ ಕರೆಯಿತು,
ಎರಡು ಸಾವಿರ ಜಾಸ್ತಿ.
ಅಲ್ಲಿ ಎಲ್ಲಾ ಇತ್ತು. ಏಸಿ, ಕಾಫಿ ಮೆಷಿನ್,
ಹುಟ್ಟುಹಬ್ಬಕ್ಕೆ ಕೇಕು, ಕೇಕಿನ ಮೇಲೂ ಕಂಪನಿಯ ಗುರುತು.
ಮಾರ್ಚಿ ಬಂದರೆ ಮಾತ್ರ ನಮ್ಮನ್ನು ತೂಗುತ್ತಿದ್ದರು:
ಐದು ಜನರಿದ್ದರೆ ಒಬ್ಬರು ‘ಸಿ’ ಆಗಲೇಬೇಕು.
ನಮ್ಮಪ್ಪ ಮಂಡಿಯಲ್ಲಿ ಟೊಮೇಟೊ ಆರಿಸುತ್ತಿದ್ದವರು,
ಕೇಳಿ ನಕ್ಕುಬಿಟ್ಟರು.
“ಹದಿನೈದು ಕೇಜಿ ಬಾಕ್ಸಲ್ಲಿ ಎಲ್ಲಾ ಹಣ್ಣೂ ಚೆನ್ನಾಗಿದ್ದರೆ
ಎಲ್ಲಾ ಚೆನ್ನಾಗಿದೆ ಅಂತಲೇ ಬರೀತೀವಮ್ಮ.
ನಾವು ಅಷ್ಟೊಂದು ಓದಿಲ್ಲ ನೋಡು.”
ಆ ವರ್ಷ ಸಿ ಆದವಳು ಹೇಮಾವತಿ,
ಬಾಣಂತಿ, ಮಗುವಿಗೆ ನಲವತ್ತು ದಿನ.
ರಜೆಯಲ್ಲಿದ್ದವಳು ಜಗಳಕ್ಕೆ ಬರುವುದಿಲ್ಲವಲ್ಲ.

ಕಣ್ಣಾಸ್ಪತ್ರೆ ಪಕ್ಕದವರು ನನ್ನ ಓದು ಕೇಳಲಿಲ್ಲ,
ಅನುಭವವನ್ನೂ ಕೇಳಲಿಲ್ಲ.
“ಬರುವಾಗ ಎಷ್ಟು ಜನರನ್ನು ಕರಕೊಂಡು ಬರ್ತೀರಾ ಮೇಡಂ?”
ಜನ ಅಂದರೆ
ರೇಷ್ಮೆಗೂಡಿನ ಮುನಿವೆಂಕಟಪ್ಪ,
ರಾಬರ್ಟ್‌ಸನ್‌ಪೇಟೆಯ ಆರೋಗ್ಯಸ್ವಾಮಿ,
ತಿಂಗಳಿಗೆ ಐನೂರು ಕಟ್ಟಿ
ರಶೀದಿಯನ್ನು ಅಕ್ಕಿ ಡಬ್ಬಿಯಲ್ಲಿ ಹೂತಿಡುವ
ಅಂಗನವಾಡಿ ಪದ್ಮಕ್ಕ.
“ಕಂಪನಿ ಯಾವುದಾದರೆ ನಮಗೇನು,
ನೀನೆಲ್ಲೋ ನಾವಲ್ಲೇ” ಅಂದವರು.
ಅವರ ಆ ಒಂದು ಮಾತಿಗೆ ನನಗೆ ಸಿಕ್ಕಿದ್ದು
ತಿಂಗಳಿಗೆ ನಾಲ್ಕೂವರೆ ಸಾವಿರ ಜಾಸ್ತಿ.
ಅವರಿಗೆ ಹೇಳಿಲ್ಲ. ಇವತ್ತಿಗೂ.

ಮಾರ್ಕೆಟ್ಟು ಬಿದ್ದ ದಿನದ ಕತೆ ಕೇಳು.
ಬೇಕರಿ ಮೇಲಿನವರು ಅರ್ಧ ಶಟರ್ ಎಳೆದು
ಯಾರೂ ಫೋನ್ ಎತ್ತಬೇಡಿ ಅಂದರಂತೆ.
ಗಾಜಿನವರಿಗೆ ಮುಂಬೈಯಿಂದ ವೀಡಿಯೊ ಬಂತಂತೆ,
ಕೋಟು ಹಾಕಿದವನು, ಹಿಂದೆ ಸಮುದ್ರ.
ನಮ್ಮಲ್ಲಿ ಮ್ಯಾನೇಜರ್ ಗೋವಿಂದರಾಜುಲು
ನನ್ನನ್ನು ಎಬ್ಬಿಸಿ, ನನ್ನ ಕುರ್ಚಿಯಲ್ಲಿ ತಾವು ಕೂತು
ಒಬ್ಬೊಬ್ಬರಿಗೂ ಹೇಳಿದರು:
“ಬಿದ್ದಿದೆ ಸ್ವಾಮಿ. ಯಾವಾಗ ಏಳುತ್ತೋ ನನಗೂ ಗೊತ್ತಿಲ್ಲ.
ಬೈಯುವುದಿದ್ದರೆ ನನಗೆ ಬೈಯಿರಿ,
ಆ ಹೆಣ್ಣುಮಗಳಿಗೆ ಬೇಡ.”
ಸಂಜೆಗೆ ಅವರ ಗಂಟಲು ಕಟ್ಟಿತ್ತು.
ಅವತ್ತು ಅನ್ನಿಸಿತ್ತು, ಇದೇ ಕಣೇ ಒಳ್ಳೇದು.
ಮುಂದಿನ ತಿಂಗಳು ಅವರನ್ನು ರಾಯಚೂರಿಗೆ ಹಾಕಿದರು.
ಬೋರ್ಡು ಅದೇ. ಬಾಗಿಲು ಅದೇ.
ಯಾವುದು ಅಂತ ನಾನು ಹೇಗೆ ಹೇಳಲಿ?
ಯಾರು ಅಂತಾದರೆ ಹೇಳಬಹುದಿತ್ತು,
ಅವರು ಈಗ ಇಲ್ಲಿಲ್ಲ.

ಹೋಗು ನೀನು, ಮೂರೂ ಕಡೆ ಹೋಗು.
ಟಾಯ್ಲೆಟ್ ಎಲ್ಲಿ ಅಂತ ಮೊದಲೇ ಕೇಳು, ನಾಚಬೇಡ.
ಕೊನೆಗೆ ಒಂದು ಹಾಳೆ ಕೊಡುತ್ತಾರೆ,
ಐವತ್ತು ಗೆರೆ ಹೊಡೆದದ್ದು:
ನಿಮಗೆ ಗೊತ್ತಿರುವವರ ಹೆಸರು, ಫೋನ್ ನಂಬರು.
ಇಪ್ಪತ್ತೆರಡನೇ ವಯಸ್ಸಿನಲ್ಲಿ
ಒಂದನೇ ಗೆರೆಯ ಮೇಲೆ ನಾನು ಬರೆದದ್ದು ಚಿಕ್ಕಮ್ಮನ ಹೆಸರು.
ಅಲ್ಲಿಂದಾಚೆ ಅವಳ ಮನೆ ಹೊಸ್ತಿಲು ತುಳಿದಾಗಲೆಲ್ಲ
ಮೊದಲು ಸ್ಟೇಟ್‌ಮೆಂಟು ತರುತ್ತಿದ್ದಳು,
ಆಮೇಲೆ ನೀರು.
ನಿನ್ನ ನಾನಿಯ ಹೆಸರು ಬರೆಯಬೇಡ ರುಹೀನಾ.
ನಲವತ್ತೊಂಬತ್ತು ಬರೆದರೂ
ಕೆಲಸ ಕೊಡುತ್ತಾರೆ.