ಜಿಗಿಯುವ ಮುಂಚೆ ಮೊಣಕಾಲು

ಸೀಗೆಹಟ್ಟಿಯ ತಿರುವಿನಲ್ಲಿ, ಹಿಟ್ಟಿನ ಗಿರಣಿಯ ಮೇಲೆ
ನನ್ನ ಅಂಗಡಿ. ಮೂರು ಟಿವಿ, ಐದು ರಿಮೋಟು,
ಅರ್ಧ ಗಂಟೆಗೆ ಇಪ್ಪತ್ತು ರೂಪಾಯಿ.
ಕೆಳಗೆ ರಾಗಿ ಬೀಸುವಾಗ ಮೇಲೆ ನಗರಗಳು ನಡುಗುತ್ತವೆ;
ಹೊಸ ಹುಡುಗರು ಅದನ್ನೂ ಆಟದ್ದೇ ಅಂದುಕೊಳ್ಳುತ್ತಾರೆ.

ಸೂಪರ್‌ಹೀರೋ ಆಟಗಳೇ ಹದಿನಾಲ್ಕಿವೆ ನನ್ನಲ್ಲಿ.
ಹನ್ನೆರಡಕ್ಕೆ ಧೂಳು.
ಯಾಕೋ ಎಂದರೆ ಮೆಲ್ವಿನ್ ಹೇಳುತ್ತಾನೆ: ಗ್ರಾಫಿಕ್ಸು.
ಸುಹೇಲ್: ವಿಲನ್ ಗಟ್ಟಿ ಇರಬೇಕು ಅಕ್ಕಾ,
ಮೆತ್ತಗಿದ್ದವನನ್ನ ಹೊಡೆದು ಏನು ಬಂತು.
ಟ್ಯೂಷನ್ ತಪ್ಪಿಸಿ ಬಂದ ಎಂಟನೇ ಕ್ಲಾಸಿನ ಚಿನ್ಮಯಿ
ಪರದೆಯಿಂದ ಕಣ್ಣು ಕೀಳದೆ ಹೇಳುತ್ತಾಳೆ:
ಡ್ರೆಸ್ಸು.

ಹಾಲೇಶಣ್ಣ ಮಾತಾಡುವುದಿಲ್ಲ.
ಲೈನ್‌ಮನ್. ಏಳಕ್ಕೆ ಬರುತ್ತಾನೆ,
ಹೆಲ್ಮೆಟ್ಟು ಕಿಟಕಿಗೆ, ಬೂಟು ಬಾಗಿಲಿಗೆ,
ಜೇಬಿನಲ್ಲಿ ಒಂದು ಸುತ್ತು ಫ್ಯೂಸ್ ತಂತಿ.
ಅದೇ ಹಳೆಯ ಆಟ, ಅದೇ ಮೂಲೆ.
ಮಿಷನ್ನು ಮುಟ್ಟುವುದಿಲ್ಲ.
ಬ್ಯಾಂಕು ದರೋಡೆ ಎಂದು ಆಟ ಬೊಬ್ಬೆ ಹೊಡೆಯುತ್ತದೆ,
ಕೆಂಪು ಬಾಣ ಮಿನುಗುತ್ತದೆ,
ಇವನು ತನ್ನ ಪಾಡಿಗೆ
ಊರಿಗೆಲ್ಲ ಎತ್ತರದ ಗೋಪುರಕ್ಕೆ ಹೀರೋನನ್ನು ಹತ್ತಿಸಿ
ತುದಿಯಲ್ಲಿ ಕೂರಿಸುತ್ತಾನೆ.

ದುಡ್ಡು ಕೊಟ್ಟು ಕೂರೋಕೆ ಬರ್ತೀಯಾ ಅಣ್ಣ, ಎಂದೆ ಒಂದು ದಿನ.
ನೋಡಿಲ್ಲಿ, ಎಂದ.
ಜಿಗಿಯೋ ಮುಂಚೆ ಮೊಣಕಾಲು ಬಾಗತ್ತೆ. ಒಂಚೂರು.
ಬೇರೆಯವರೆಲ್ಲ ಬಟನ್ ಒತ್ತಿದರೆ ಮೇಲೆ,
ಬಿಟ್ಟರೆ ಕೆಳಗೆ, ಬಲೂನು.
ಇವನಿಗೆ ಮೈ ಇದೆ.
ಬೀಳುವಾಗ ಮೊದಲು ಹೊಟ್ಟೆ ಬೀಳತ್ತೆ, ಆಮೇಲೆ ಮನುಷ್ಯ.
ಇದನ್ನ ಮಾಡಿದವನು ಯಾರೋ,
ಒಂದು ಸಲನಾದ್ರೂ ಕಂಬದಿಂದ ಜಾರಿದಾನೆ.

ಅವತ್ತಿನಿಂದ ನಾನೂ ನೋಡತೊಡಗಿದೆ.
ಆ ಊರಿನ ಬೀದಿಯಲ್ಲಿ
ಒಬ್ಬಳು ತಕ್ಕಡಿ ಹಿಡಿದವನ ಜೊತೆ ಜಗಳಕ್ಕೆ ನಿಂತಿದ್ದಾಳೆ,
ನಾಯಿಯೊಂದಕ್ಕೆ ಬೆಳಕಿನ ಕಂಬವೇ ಬೇಕು.
ಹೀರೋ ತಲೆಯ ಮೇಲೆ ಹಾದರೆ ಕೆಲವರು ಕೈಬೀಸುತ್ತಾರೆ.
ಪೇಪರು ಓದುವ ಮುದುಕನೊಬ್ಬ
ಎಷ್ಟು ಸಲ ಹಾರಿದರೂ ತಲೆ ಎತ್ತುವುದಿಲ್ಲ.
ಧೂಳು ಹಿಡಿದ ಹನ್ನೆರಡರಲ್ಲಿ
ಜನ ಇರುವುದೇ ಚೀರಲಿಕ್ಕೆ, ಆಮೇಲೆ ಥ್ಯಾಂಕ್ಸ್ ಹೇಳಲಿಕ್ಕೆ.
ಈ ಮುದುಕನಿಗೆ ಯಾರೂ ಬೇಕಿಲ್ಲ.
ಅವನನ್ನು ಉಳಿಸಬೇಕು ಅನ್ನಿಸುತ್ತದೆ.

ಮೊನ್ನೆ ಹಾಲೇಶಣ್ಣ ತುದಿಯಿಂದ ಜಿಗಿದಿದ್ದೇ ತಡ
ಕರೆಂಟು ಹೋಯಿತು.
ಗಿರಣಿಯೂ ನಿಂತಿತು.
ಅಣ್ಣಾ ಓಡು, ಕಂಬ ಹತ್ತು, ಎಂದು ಹುಡುಗರ ಗಲಾಟೆ.
ನಂದು ಆಲ್ಕೊಳದ ಸೆಕ್ಷನ್ನು, ಎಂದ ಕತ್ತಲೆ.
ಟಿಕ್ ಟಿಕ್. ಅವನ ಹೆಬ್ಬೆರಳು ಮಾತ್ರ
ಸತ್ತ ರಿಮೋಟಿನ ಮೇಲೆ ಆಡುತ್ತಲೇ ಇತ್ತು.
ಈಗ ಅವನು ಎಲ್ಲಿದಾನೆ? ಚಿನ್ಮಯಿ ಕೇಳಿದಳು.
ಯಾರೂ ಗ್ರಾಫಿಕ್ಸ್ ಅನ್ನಲಿಲ್ಲ.
ಬೈಪಾಸಿನ ಕಡೆ ಲಾರಿಯೊಂದು ಗೇರು ಬದಲಿಸುವ ಸದ್ದು,
ಕೆಳಗಿನಿಂದ ಬಿಸಿ ಹಿಟ್ಟಿನ ವಾಸನೆ.

ಕರೆಂಟು ಬಂದಾಗ ಹೀರೋ ಗೋಪುರದ ಬುಡದಲ್ಲಿದ್ದ.
ಸೇವ್ ಆಗಿದ್ದೇ ಅಲ್ಲಿ.
ಹಾರಬಹುದಿತ್ತು; ಹಾರಲಿಲ್ಲ.
ಕಲ್ಲಿನಿಂದ ಕಲ್ಲಿಗೆ ಕೈಯಿಟ್ಟು ಹತ್ತಿಸಿದ,
ಪೂರಾ ಒಂಬತ್ತು ನಿಮಿಷ.
ಆ ಒಂಬತ್ತನ್ನೂ ಲೆಕ್ಕಕ್ಕೆ ಹಿಡಿದೆ.
ಹಿಡಿಯದಿದ್ದರೆ ಬೇಜಾರು ಮಾಡಿಕೊಳ್ಳುತ್ತಾನೆ.

ಇವತ್ತು ಡೀಲರ್ ಫೋನು. ಹೊಸದು ಬಂದಿದೆ ಮೇಡಂ,
ಇಡೀ ಗ್ರಹಾನೇ ಒಡೆಯಬಹುದು.
ಜಿಗಿಯುವ ಮುಂಚೆ ಮೊಣಕಾಲು ಬಾಗುತ್ತಾ, ಎಂದೆ.
ಆ ಕಡೆ ಸುಮಾರು ಹೊತ್ತು ಬರೀ ಗರಗರ.
ಆಮೇಲೆ, ಮೇಡಂ, ನಲವತ್ತು ಡ್ರೆಸ್ಸಿದೆ.

ಚಿನ್ಮಯಿ ನನ್ನ ಮುಖವನ್ನೇ ನೋಡುತ್ತಿದ್ದಳು.
ಆಯ್ತು, ಒಂದು ಕಳಿಸಿ, ಎಂದೆ.